ಗಮನ ಸೆಳೆಯುವ ತಂತ್ರ ಮತ್ತು ವಿನ್ಯಾಸಕಾರನ ಹೊಣೆ

ಬಳ್ಳಾರಿ ಸೀಮೆಯ ಎರೆಭೂಮಿಗೂ ಹತ್ತಿಗೂ ಹಳೆಯ ನಂಟು. ಹತ್ತಿ ಬೆಳೆಯುವ ರೈತನಿಗೆ ಪೇಟೆಯ ಧಾರಣೆಯೇ ದಿನದ ದೊಡ್ಡ ಸುದ್ದಿ. ಆದರೆ ಹತ್ತಿಯನ್ನು ಬೆಳೆಯದ, ಮಾರದ, ಕೊಳ್ಳದ ಜನರೂ ಹತ್ತಿಯ ಧಾರಣೆಗಾಗಿ ಕಾತರದಿಂದ ಕಾಯುತ್ತಿದ್ದ ಕಾಲವೊಂದಿತ್ತು ಎಂದರೆ ನೀವು ನಂಬುವಿರಾ?

ಅದು 1950ರ ದಶಕದ ಮುಂಬಯಿ. ನ್ಯೂಯಾರ್ಕಿನ ಹತ್ತಿ ವಿನಿಮಯ ಕೇಂದ್ರದ ಆರಂಭದ ಹಾಗೂ ಮುಕ್ತಾಯದ ಧಾರಣೆಗಳು ಪ್ರತಿದಿನ ಅಲ್ಲಿಗೆ ತಲುಪುತ್ತಿದ್ದವು. ಆ ಅಂಕಿಗಳ ಮೇಲೆ ಹಣ ಕಟ್ಟುವ ಜೂಜು ಬೆಳೆಯಿತು. 1960ರ ದಶಕದ ಆರಂಭದಲ್ಲಿ ಧಾರಣೆಗಳು ಬರುವುದು ನಿಂತರೂ ಜೂಜು ನಿಲ್ಲಲಿಲ್ಲ. ಮಡಕೆಯಲ್ಲಿ ಅಂಕಿಯ ಚೀಟಿಗಳನ್ನು ಹಾಕಿ ಎತ್ತತೊಡಗಿದರು. ಮಡಕೆಗೆ ಹಿಂದಿಯಲ್ಲಿ ‘ಮಟ್ಕಾ’. ಜೂಜಿಗೂ ಅದೇ ಹೆಸರಾಯಿತು. ಕರ್ನಾಟಕದ ಕೆಲವೆಡೆ ಇದನ್ನು ‘ಓಸಿ’ ಎನ್ನುತ್ತಾರೆ. ‘ಓಪನ್’ ಮತ್ತು ‘ಕ್ಲೋಸ್’ ಎಂಬ ಪೇಟೆಯ ಪದಗಳ ಮೊದಲ ಅಕ್ಷರಗಳೇ ಇವು. ಕಾನೂನಿನ ನಿಷೇಧವಿದ್ದರೂ ಬಳ್ಳಾರಿ ಜಿಲ್ಲೆಯ ಪತ್ರಿಕಾ ವರದಿಗಳಲ್ಲಿ ಮಟ್ಕಾ ಪ್ರಕರಣಗಳನ್ನು ನೀವು ಓದಿಯೇ ಇರುತ್ತೀರಿ.

ವಿಜ್ಞಾನ ಪತ್ರಿಕೆಯಲ್ಲಿ ಜೂಜಿನ ಮಾತೇಕೆ? ನಮ್ಮ ಜೇಬಿನಲ್ಲಿರುವ ಫೋನಿನ ಅನೇಕ ಆ್ಯಪ್‌ಗಳು ಯಾವ ತತ್ತ್ವದ ಮೇಲೆ ನಮ್ಮನ್ನು ಹಿಡಿದಿಡುತ್ತವೆ ಎಂಬುದನ್ನು ತಿಳಿಯಲು ಇದಕ್ಕಿಂತ ಹತ್ತಿರದ ಉದಾಹರಣೆ ಸಿಗಲಾರದು.

ಓಪನ್ ಮತ್ತು ಕ್ಲೋಸ್ ನಡುವೆ

ಎರಡು ಅಂಕಿಗಳ ಜೋಡಿಗೆ ಹಣ ಕಟ್ಟಿದವನಿಗೆ ಮೊದಲ ಅಂಕಿ ‘ಓಪನ್’ನಲ್ಲಿ, ಎರಡನೆಯದು ಕೆಲವು ಹೊತ್ತಿನ ನಂತರ ‘ಕ್ಲೋಸ್’ನಲ್ಲಿ ತಿಳಿಯುತ್ತದೆ. ಮೊದಲ ಅಂಕಿ ಕೂಡಿಬಂದರೆ ಮುಗಿಯಿತು, ಆತ ಬೇರೆ ಕೆಲಸ ಮಾಡಲಾರ. ಗೆದ್ದೂ ಇಲ್ಲ, ಸೋತೂ ಇಲ್ಲ. ಗೆಲುವು ಇನ್ನೇನು ಕೈಗೆ ಬಂತು ಎಂಬ ಭಾವನೆ ಮಾತ್ರ.

ಈಗ ಲೆಕ್ಕ ನೋಡಿ. 00ರಿಂದ 99ರವರೆಗೆ ಜೋಡಿಗಳು ನೂರು. ನಮ್ಮ ಭಾಗದ ಪ್ರಕರಣಗಳ ವರದಿಗಳಲ್ಲಿ ‘ಒಂದು ರೂಪಾಯಿಗೆ 80 ರೂಪಾಯಿ’ ಎಂಬ ಆಮಿಷ ಸಾಮಾನ್ಯ. ನೂರು ಜೋಡಿಗೂ ಒಂದೊಂದು ರೂಪಾಯಿ ಕಟ್ಟಿದರೆ ಮರಳುವುದು 80. ಅಂದರೆ ಸರಾಸರಿ ಪ್ರತಿ ರೂಪಾಯಿಗೆ 20 ಪೈಸೆ ನಷ್ಟ ಖಚಿತ. ಹತ್ತನೆಯ ತರಗತಿಯ ಸಂಭವನೀಯತೆಯ ಪಾಠ ಓದಿದವರೆಲ್ಲ ಇದನ್ನು ಕಾಗದದ ಮೇಲೆ ಮಾಡಬಲ್ಲರು. ಆದರೂ ಜನ ಆಡುತ್ತಾರೆ. ಕಾರಣ ಲೆಕ್ಕದಲ್ಲಿಲ್ಲ, ಕಾಯುವಿಕೆಯಲ್ಲಿದೆ.

ಪ್ರಯೋಗಾಲಯದ ಇಲಿ

ಈ ಕಾಯುವಿಕೆಯನ್ನು ಪ್ರಯೋಗಕ್ಕೆ ಒಳಪಡಿಸಿದವರಲ್ಲಿ ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಪ್ರಮುಖರು. ಪೆಟ್ಟಿಗೆಯೊಳಗಿನ ಇಲಿ ಸನ್ನೆಯನ್ನು ಒತ್ತಿದರೆ ಆಹಾರದ ಗುಳಿಗೆ ಬೀಳುವ ವ್ಯವಸ್ಥೆ ಅವರದು. ಗುಳಿಗೆಗಳನ್ನು ಅವರೇ ತಯಾರಿಸಬೇಕಿತ್ತು. ಒಂದು ಶನಿವಾರ ಮಧ್ಯಾಹ್ನ, ಸೋಮವಾರದವರೆಗೆ ಗುಳಿಗೆ ಸಾಲದೆಂದು ತಿಳಿದು, ಪ್ರತಿ ಒತ್ತಿಗೂ ಕೊಡುವ ಬದಲು ನಿಮಿಷಕ್ಕೊಮ್ಮೆ ಮಾತ್ರ ಕೊಟ್ಟರೆ ಹೇಗೆಂದು ನೋಡಿದರು. ಇಲಿ ಒತ್ತುವುದನ್ನು ಬಿಡಲಿಲ್ಲ! ಸ್ಕಿನ್ನರ್ ಅವರೇ 1956ರ ಲೇಖನವೊಂದರಲ್ಲಿ ಇದನ್ನು ವಿವರಿಸಿದ್ದಾರೆ.

1957ರಲ್ಲಿ ಫರ್ಸ್ಟರ್ ಮತ್ತು ಸ್ಕಿನ್ನರ್ ಪ್ರಕಟಿಸಿದ ಬೃಹತ್ ಗ್ರಂಥ ಈ ವಿಷಯಕ್ಕೇ ಮೀಸಲು. ಎಷ್ಟು ಸಲ ಪ್ರಯತ್ನಿಸಿದರೆ ಬಹುಮಾನ ಎಂಬುದು ಅನಿಶ್ಚಿತವಾಗಿದ್ದಾಗ ವರ್ತನೆ ಅತಿ ಹೆಚ್ಚು ವೇಗವಾಗಿಯೂ ಬಿಡಿಸಲು ಕಷ್ಟವಾಗಿಯೂ ಇರುತ್ತದೆ ಎಂಬುದು ಈ ಸಂಶೋಧನೆಗಳ ಮುಖ್ಯ ಫಲಿತಾಂಶಗಳಲ್ಲೊಂದು. ಜೂಜಿನ ಯಂತ್ರಗಳು ಇದೇ ಕ್ರಮವನ್ನು ಅನುಸರಿಸುತ್ತವೆ ಎಂದು ಸ್ಕಿನ್ನರ್ ಆಗಲೇ ಗುರುತಿಸಿದ್ದರು.

1990ರ ದಶಕದಲ್ಲಿ ವೂಲ್ಫ್ರಾಮ್ ಷುಲ್ಟ್ಜ್ ಕೋತಿಗಳ ಮಿದುಳಿನ ಡೋಪಮೈನ್ ನರಕೋಶಗಳನ್ನು ಗಮನಿಸಿದರು. ನಿರೀಕ್ಷಿಸಿದ ಬಹುಮಾನ ಬಂದಾಗ ಅವು ಹೆಚ್ಚೇನೂ ಪ್ರತಿಕ್ರಿಯಿಸಲಿಲ್ಲ; ನಿರೀಕ್ಷೆಗಿಂತ ಹೆಚ್ಚು ಬಂದಾಗ ಚುರುಕಾದವು; ಬರಬೇಕಾದದ್ದು ಬಾರದಿದ್ದಾಗ ಮಂಕಾದವು. ಡೋಪಮೈನ್ ಎಂದರೆ ‘ಸುಖದ ರಾಸಾಯನಿಕ’ ಎಂದು ಹಲವೆಡೆ ಬರೆಯುವುದು ಅಷ್ಟು ಸರಿಯಲ್ಲ. ನಿರೀಕ್ಷೆಗೂ ಫಲಿತಕ್ಕೂ ಇರುವ ಅಂತರವನ್ನು ಅದು ಸೂಚಿಸುತ್ತದೆ. ಅಚ್ಚರಿಯೇ ಇಲ್ಲಿ ಮುಖ್ಯ.

ಬೆರಳ ತುದಿಗೆ ಬಂದ ಸೂತ್ರ

ಮುದ್ರಿತ ಪತ್ರಿಕೆಗೆ ಕೊನೆಯ ಪುಟವಿದೆ. ಆರಂಭದ ಜಾಲತಾಣಗಳಲ್ಲೂ ಪುಟದ ಕೆಳಗೆ ‘ಮುಂದಿನ ಪುಟ’ ಎಂಬ ಗುಂಡಿ ಇರುತ್ತಿತ್ತು. ಅದನ್ನು ಒತ್ತುವ ಮೊದಲು ಓದುಗ ಅರೆಕ್ಷಣ ನಿಂತು ‘ಇನ್ನು ಸಾಕೇ?’ ಎಂದು ಕೇಳಿಕೊಳ್ಳಲು ಅವಕಾಶವಿತ್ತು. 2006ರಲ್ಲಿ ಏಜಾ ರಾಸ್ಕಿನ್ ಎಂಬ ವಿನ್ಯಾಸಕಾರ, ಗುಂಡಿಯ ಅಗತ್ಯವಿಲ್ಲದೆ ಪುಟ ತಾನಾಗಿ ಮುಂದುವರಿಯುವ ‘ಅನಂತ ಸುರುಳಿ’ಯನ್ನು ರೂಪಿಸಿದರು. ಓದುಗನಿಗೆ ಅನುಕೂಲವಾಗಲೆಂಬುದು ಉದ್ದೇಶ. ಆ ದಶಕದ ಕೊನೆಗೆ ಲಾರೆನ್ ಬ್ರಿಕ್ಟರ್, ತೆರೆಯನ್ನು ಬೆರಳಿನಿಂದ ಕೆಳಗೆಳೆದು ಬಿಟ್ಟರೆ ಹೊಸ ಸಂದೇಶ ಬರುವ ವಿಧಾನವನ್ನು ತಂದರು. ಎಳೆದಾಗ ಏನು ಬರುವುದೋ ಗೊತ್ತಿಲ್ಲ. ಕೆಲವೊಮ್ಮೆ ಏನೂ ಇಲ್ಲ. ಇಲಿಯ ಸನ್ನೆ ನೆನಪಾಯಿತೇ? 2009ರಲ್ಲಿ ಫೇಸ್‌ಬುಕ್‌ಗೆ ‘ಲೈಕ್’ ಗುಂಡಿ ಬಂತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಸೇವೆ ಆರಂಭವಾದ ನಂತರ ಭಾರತದಲ್ಲಿ ಡೇಟಾ ಅಗ್ಗವಾಗಿ, ಇವೆಲ್ಲವೂ ಹಳ್ಳಿಯ ಮನೆಮನೆಗೂ ತಲುಪಿದವು.

ಮಟ್ಕಾದಲ್ಲಿ ಓಪನ್ ಆದ ಮೇಲೆ ಕ್ಲೋಸ್ ಎಂಬುದಾದರೂ ಇದೆ. ಈ ಹೊಸ ಆಟದಲ್ಲಿ ಓಪನ್ ಮಾತ್ರ ಉಂಟು.

ರಾಸ್ಕಿನ್, ಬ್ರಿಕ್ಟರ್ ಇಬ್ಬರೂ ತಮ್ಮ ಆವಿಷ್ಕಾರಗಳ ಪರಿಣಾಮದ ಬಗ್ಗೆ ಮುಂದೆ ಬಹಿರಂಗವಾಗಿ ವಿಷಾದ ವ್ಯಕ್ತಪಡಿಸಿದರು. 2013ರಲ್ಲಿ ಗೂಗಲ್‌ನ ಉದ್ಯೋಗಿ ಟ್ರಿಸ್ಟನ್ ಹ್ಯಾರಿಸ್, ಬಳಕೆದಾರರ ಗಮನವನ್ನು ಗೌರವಿಸಬೇಕೆಂದು ಸಹೋದ್ಯೋಗಿಗಳಿಗೆ ಟಿಪ್ಪಣಿಯೊಂದನ್ನು ಹಂಚಿದರು. 2014ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ತಂತ್ರಜ್ಞಾನದ ಅತಿಬಳಕೆಯಿಂದ ತೊಂದರೆಗೊಳಗಾದವರಿಗಾಗಿ ‘ಷಟ್’ ಎಂಬ ಚಿಕಿತ್ಸಾಲಯವನ್ನು ತೆರೆಯಿತು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಫೋನ್ ನೋಡುವವರೆಲ್ಲ ರೋಗಿಗಳಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 11ನೆಯ ರೋಗ ವರ್ಗೀಕರಣ ಪಟ್ಟಿಯಲ್ಲಿ ಆಟದ ವ್ಯಸನಕ್ಕೆ ಸ್ಥಾನವಿದೆ. ಸಾಮಾಜಿಕ ಜಾಲತಾಣಗಳ ಬಳಕೆಗೆ ಹಾಗೆ ಪ್ರತ್ಯೇಕ ರೋಗನಾಮವಿಲ್ಲ. ಇಲಿಗೆ ಅನ್ವಯಿಸಿದ್ದೆಲ್ಲ ಮಕ್ಕಳಿಗೂ ಹಾಗೆಯೇ ಅನ್ವಯಿಸುತ್ತದೆ ಎನ್ನುವುದೂ ವಿಜ್ಞಾನವಲ್ಲ.

ಮೊದಲೇ ಬರೆದಿಟ್ಟ ನಿಯಮ

ಇದೆಲ್ಲ ಹೀಗಾಗುವುದೆಂದು ಯಾರಿಗೂ ಹೊಳೆದಿರಲಿಲ್ಲವೆ? ಹೊಳೆದಿತ್ತು. 1999ರಲ್ಲಿ, ಸ್ಮಾರ್ಟ್‌ಫೋನ್ ಜನರ ಕೈಗೆ ಬರುವ ಎಷ್ಟೋ ಮೊದಲು, ಬರ್ಡಿಚೆವ್‌ಸ್ಕಿ ಮತ್ತು ನ್ಯೂಯೆನ್‌ಶ್ವಾಂಡರ್ ಎಂಬಿಬ್ಬರು ಗಣಕವಿಜ್ಞಾನದ ಪತ್ರಿಕೆಯೊಂದರಲ್ಲಿ ಮನವೊಲಿಸುವ ತಂತ್ರಜ್ಞಾನಕ್ಕೆ ನೀತಿಸೂತ್ರಗಳನ್ನು ಬರೆದರು. ಅವುಗಳ ತಿರುಳು ಸರಳ: ಯಾವುದಕ್ಕೆ ತನ್ನ ಮನವೊಲಿಸುವುದನ್ನು ವಿನ್ಯಾಸಕಾರ ತಾನೇ ಒಪ್ಪುವುದಿಲ್ಲವೋ, ಅದಕ್ಕೆ ಅವನು ಇತರರ ಮನವೊಲಿಸಬಾರದು. ನಿಯಮ ಇರಲಿಲ್ಲವೆಂದಲ್ಲ. ಜಾಹೀರಾತಿನ ಆದಾಯ ಜನ ತೆರೆಯ ಮುಂದೆ ಕಳೆಯುವ ನಿಮಿಷಗಳನ್ನು ಅವಲಂಬಿಸಿದ್ದರಿಂದ ನಿಯಮ ಹಿಂದೆ ಸರಿಯಿತು.

ಗಮನ ಸೆಳೆಯುವುದೇ ತಪ್ಪೆಂದು ಇದರ ಅರ್ಥವಲ್ಲ. ಬಳ್ಳಾರಿ ರಾಘವರು (1880-1946) ರಂಗದ ಮೇಲೆ ಬಂದರೆ ಸಭೆಯ ಕಣ್ಣು ಅವರ ಮೇಲೆಯೇ. ಆದರೆ ನಾಟಕ ಮುಗಿದಾಗ ಪರದೆ ಬೀಳುತ್ತಿತ್ತು. ಕುರುಗೋಡಿನ ದೊಡ್ಡಬಸವೇಶ್ವರ ಜಾತ್ರೆ ಸುತ್ತಲಿನ ಹಳ್ಳಿಗಳನ್ನೇ ಸೆಳೆಯುತ್ತದೆ. ತೇರು ನೆಲೆಗೆ ಮರಳಿದ ಮೇಲೆ ಜನ ಹೊಲಕ್ಕೆ ಹೋಗುತ್ತಾರೆ. ಔಷಧ ತೆಗೆದುಕೊಳ್ಳುವ ಹೊತ್ತನ್ನು ನೆನಪಿಸುವ ಆ್ಯಪ್ ಕೂಡ ಗಮನ ಸೆಳೆಯುತ್ತದೆ, ಕೆಲಸ ಮುಗಿದೊಡನೆ ಸುಮ್ಮನಾಗುತ್ತದೆ. ಸೆಳೆದ ಗಮನವನ್ನು ಮರಳಿಸುವ ವ್ಯವಸ್ಥೆ ಇದೆಯೇ ಎಂಬುದು ಪ್ರಶ್ನೆ.

ತೂಬಿನ ಪಾಠ

ಸಿರುಗುಪ್ಪದ ಗದ್ದೆಗಳಿಗೆ ನೀರುಣಿಸುವ ತುಂಗಭದ್ರಾ ಕಾಲುವೆಯ ದಡದಲ್ಲಿ ನೀವು ನಡೆದಿದ್ದರೆ ತೂಬುಗಳನ್ನು ನೋಡಿರುತ್ತೀರಿ. ತೂಬು ತೆರೆಯಲು ಎಷ್ಟು ಬೇಕೋ ಮುಚ್ಚಲೂ ಅಷ್ಟೇ ಬೇಕು. ಮುಚ್ಚಲು ಬಾರದ ತೂಬನ್ನು ಯಾವ ಎಂಜಿನಿಯರನೂ ನಕ್ಷೆಯಲ್ಲಿ ಬರೆಯಲಾರ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ತಾತ್ಕಾಲಿಕ ಗೇಟು ಕೂರಿಸಲು ಸುಮಾರು ಒಂದು ವಾರವೇ ಹಿಡಿಯಿತು. ಆಗ ‘ನೀರಿಗೆ ಸಂಯಮವಿಲ್ಲ’ ಎಂದು ಯಾರೂ ದೂರಲಿಲ್ಲ. ಗೇಟಿನ ಹೊಣೆ ಯಾರದು ಎಂದು ಕೇಳಿದರು.

ಆದರೆ ರಾತ್ರಿ ಹನ್ನೆರಡರವರೆಗೆ ವೀಡಿಯೊ ನೋಡಿ, ಬೆಳಗ್ಗೆ ತರಗತಿಯಲ್ಲಿ ತೂಕಡಿಸುವ ವಿದ್ಯಾರ್ಥಿಯನ್ನು ಕಂಡಾಗ ನಾವು ಹೇಳುವುದೇನು? ‘ನಿನಗೆ ಸಂಯಮವಿಲ್ಲ’ ಎಂದಲ್ಲವೆ? ಅವನ ಪಾಲಿನ ಹೊಣೆ ಇಲ್ಲವೆಂದಲ್ಲ. ಆದರೆ ಗೇಟಿಲ್ಲದ ಕಾಲುವೆಯ ನಕ್ಷೆ ಬರೆದವರನ್ನು ನಾವು ಕೇಳುವುದೇ ಇಲ್ಲ.

ಕಾನೂನು ತಲುಪುವ ದೂರ

ಕೇಳುವ ಪ್ರಯತ್ನಗಳು ನಡೆದಿವೆ. ಕರ್ನಾಟಕವು 2021ರಲ್ಲಿ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದು ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಅಂಶಗಳನ್ನು ರದ್ದುಪಡಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ಇಂಥ ಆಟಗಳ ವಿರುದ್ಧ ದೇಶಕ್ಕೆಲ್ಲ ಅನ್ವಯಿಸುವ ಕಾಯಿದೆಯನ್ನು ಅಂಗೀಕರಿಸಿತು. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು ಬಳಕೆದಾರರನ್ನು ದಾರಿ ತಪ್ಪಿಸುವ 13 ಬಗೆಯ ವಿನ್ಯಾಸಗಳನ್ನು ಹೆಸರಿಸಿ ಮಾರ್ಗಸೂಚಿ ಹೊರಡಿಸಿತು. ‘ಇನ್ನು ಎರಡೇ ಉಳಿದಿವೆ, ಬೇಗ ಕೊಳ್ಳಿ’ ಎಂಬ ಸುಳ್ಳು ಅವಸರ ಅವುಗಳಲ್ಲೊಂದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆಯು ಮಕ್ಕಳ ವರ್ತನೆಯನ್ನು ಬೆನ್ನಟ್ಟಿ ಗುರುತಿಸುವುದನ್ನೂ ಅವರತ್ತ ಗುರಿಯಿಟ್ಟ ಜಾಹೀರಾತುಗಳನ್ನೂ ನಿರ್ಬಂಧಿಸುತ್ತದೆ.

ಇವೆಲ್ಲ ಬಹುಮಟ್ಟಿಗೆ ಹಣ ಅಥವಾ ಮಾಹಿತಿ ಕಳೆದುಕೊಳ್ಳುವುದರ ವಿರುದ್ಧದ ರಕ್ಷಣೆ. ಕಳೆದುಹೋದ ಎರಡು ಗಂಟೆಗೆ ಪೊಲೀಸ್ ಠಾಣೆಯಲ್ಲಿ ದೂರು ಕೊಡಲಾಗದು. ಅಲ್ಲಿ ಉಳಿಯುವುದು ವಿನ್ಯಾಸಕಾರನ ವಿವೇಕ ಒಂದೇ.

ಆ ವಿನ್ಯಾಸಕಾರ ಎಲ್ಲೋ ಕ್ಯಾಲಿಫೋರ್ನಿಯದಲ್ಲಿದ್ದಾನೆಂದು ತಿಳಿಯಬೇಡಿ. ಇಂದು ನಿಮ್ಮ ಶಾಲೆಯಲ್ಲಿ ಗಣಿತ ಕಲಿಯುತ್ತಿರುವ ಹುಡುಗಿ ನಾಳೆ ಬಳ್ಳಾರಿಯಲ್ಲೋ ಬೆಂಗಳೂರಿನಲ್ಲೋ ಎಂಜಿನಿಯರಿಂಗ್ ಓದಿ ಇಂಥದೇ ಆ್ಯಪ್ ರೂಪಿಸಬಹುದು. ‘ಜನ ಇನ್ನೂ ಹತ್ತು ನಿಮಿಷ ಹೆಚ್ಚು ಕೂರುವಂತೆ ಮಾಡು’ ಎಂದು ಯಾರಾದರೂ ಆಕೆಗೆ ಹೇಳುವ ದಿನವೂ ಬರುತ್ತದೆ. ಆ ದಿನಕ್ಕೆ ಬೇಕಾದ ಪಾಠ ಇಂದೇ ಆಗಬೇಕು.

ತರಗತಿಯಲ್ಲಿ ಮಾಡಿ ನೋಡಿ

ಶಿಕ್ಷಕರು ಮಕ್ಕಳಿಗೆ ಈ ಕೆಲಸ ಕೊಡಬಹುದು. ಮನೆಯ ಫೋನಿನಲ್ಲಿರುವ ಯಾವುದಾದರೂ ಐದು ಆ್ಯಪ್‌ಗಳನ್ನು ಆರಿಸಿ ಮೂರು ಪ್ರಶ್ನೆಗಳಿಗೆ ಉತ್ತರ ಬರೆಯಲಿ. ಇದಕ್ಕೆ ಕೊನೆಯ ಪುಟ ಇದೆಯೇ? ಎಚ್ಚರಿಕೆಯ ಗಂಟೆ ಬಾರಿಸುವುದು ನನ್ನ ಅಗತ್ಯಕ್ಕೋ, ಅದರ ಅಗತ್ಯಕ್ಕೋ? ಇದನ್ನು ನಾನೇ ರೂಪಿಸಿದ್ದರೆ ನನ್ನ ತಂಗಿಯ ಕೈಗೆ ಕೊಡುತ್ತಿದ್ದೆನೇ? ನಂತರ, ಉತ್ತರ ‘ಇಲ್ಲ’ ಎಂದು ಬಂದ ಒಂದು ಆ್ಯಪ್ ತೆಗೆದುಕೊಂಡು, ಅದಕ್ಕೆ ತೂಬು ಎಲ್ಲಿ ಕೂರಿಸಬೇಕೆಂದು ಹಾಳೆಯ ಮೇಲೆ ಬರೆದು ತೋರಿಸಲಿ.