ಮುತ್ತಿಗೆಯ ಹೊತ್ತಿನ ಎರಡು ತೀರ್ಪುಗಳು



ಬತ್ತಲಗುಂಡಿನಿಂದ ದಿಂಡಿಗಲ್ಲಿಗೆ ಬಸ್ಸಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಊರು ಸೇರಿದರೆ ಬೋಳುಬಂಡೆಯ ಬೆಟ್ಟವೂ ಅದರ ನೆತ್ತಿಯ ಮೇಲಿನ ಕೋಟೆಗೋಡೆಯೂ ಕಾಣುತ್ತವೆ. ಮಧುರೆ ನಾಯಕರ ಕಾಲದ ಈ ಕೋಟೆ ಆಮೇಲೆ ಮೈಸೂರಿನವರ ಕೈಸೇರಿತು. 1755ರಲ್ಲಿ ಮೈಸೂರು ಸರ್ಕಾರ ಇಲ್ಲಿಗೆ ಫೌಜುದಾರನನ್ನಾಗಿ ಕಳುಹಿಸಿದ್ದು ಹೈದರ್ ಅಲಿಯನ್ನು. ಸುತ್ತಲಿನ ಪಾಳೆಯಗಾರರನ್ನು ಹತೋಟಿಗೆ ತಂದು ಕಂದಾಯ ವಸೂಲು ಮಾಡುವುದು ಅವನ ಕೆಲಸ. ಅವನು ಫ್ರೆಂಚ್ ಕುಶಲಕರ್ಮಿಗಳನ್ನು ಇಲ್ಲಿಗೆ ಕರೆಸಿ ಆಯುಧಶಾಲೆ ಮಾಡಿದ, ತನ್ನ ಮಾತು ಕೇಳುವ ದಂಡೊಂದನ್ನು ಕಟ್ಟಿದ. 1761ರ ಹೊತ್ತಿಗೆ ಇಡೀ ಮೈಸೂರು ಅವನ ಮುಷ್ಟಿಯಲ್ಲಿತ್ತು. ಅರಮನೆಯಲ್ಲಿ ಒಡೆಯರಿದ್ದರು, ಆಜ್ಞೆ ಹೊರಡುತ್ತಿದ್ದದ್ದು ಮಾತ್ರ ಹೈದರನಿಂದ.

ನಮ್ಮ ಪಕ್ಕದ ಬೆಟ್ಟದಲ್ಲಿ ಬೇರುಬಿಟ್ಟ ಆ ಅಧಿಕಾರ ಮುಂದೆ ಮಂಗಳೂರು ಕಡೆಯ ಕಥೋಲಿಕ ಕ್ರೈಸ್ತರ ಮೇಲೆ ಎರಡು ಬಾರಿ ತೀರ್ಪು ಕೊಟ್ಟಿತು. ಮೊದಲನೆಯದನ್ನು ಕೊಟ್ಟವನು ತಂದೆ ಹೈದರ್, ಎರಡನೆಯದನ್ನು ಕೊಟ್ಟವನು ಮಗ ಟಿಪ್ಪು. ಎರಡು ಬಾರಿಯೂ ಆರೋಪ ಒಂದೇ: ಶತ್ರು ನಾಡಿನೊಳಗೆ ನುಗ್ಗಿದಾಗ ಇವರು ಶತ್ರುವಿಗೆ ನೆರವಾದರು. ತೀರ್ಪುಗಳ ನಡುವೆ ಮಾತ್ರ ಅಜಗಜಾಂತರ. ಆ ಅಂತರ ಎಲ್ಲಿಂದ ಬಂತು ಎಂಬುದನ್ನು ನಾವು ತಿಳಿಯಬೇಕು, ಏಕೆಂದರೆ ಅದು ಬರೀ ಹಳೆಯ ಕಥೆಯಲ್ಲ.

ಕೇಳಿ ಕೊಟ್ಟ ತೀರ್ಪು

ಕೆನರಾ ಕರಾವಳಿಯ ಕಥೋಲಿಕರಲ್ಲಿ ಹೆಚ್ಚಿನವರ ಪೂರ್ವಜರು ಗೋವೆಯಿಂದ ವಲಸೆ ಬಂದವರು. ಕೆಳದಿ ನಾಯಕರ ಕಾಲದಲ್ಲಿ ಭೂಮಿ ಪಡೆದು ಒಳ್ಳೆಯ ರೈತರೆಂದು ಹೆಸರಾದರು. ಅವರ ದೇವಾಲಯಗಳು ಗೋವೆಯ ಧರ್ಮಾಧ್ಯಕ್ಷರ ಆಡಳಿತಕ್ಕೆ ಸೇರಿದ್ದವು, ಮಂಗಳೂರಿನಲ್ಲಿ ಪೋರ್ಚುಗೀಸರ ವ್ಯಾಪಾರ ಕೋಠಿಯೂ ಇತ್ತು. 1763ರಲ್ಲಿ ಹೈದರ್ ಬಿದನೂರನ್ನು ಗೆದ್ದಾಗ ಈ ಕರಾವಳಿಯೂ ಅವನದಾಯಿತು.

1768ರಲ್ಲಿ, ಮೊದಲನೆಯ ಆಂಗ್ಲೋ–ಮೈಸೂರು ಯುದ್ಧದ ನಡುವೆ, ಬೊಂಬಾಯಿಯಿಂದ ಹಡಗುಗಳಲ್ಲಿ ಬಂದ ಇಂಗ್ಲಿಷರು ಮಂಗಳೂರಿನ ಕೋಟೆಯನ್ನು ಹಿಡಿದರು. ಕೆಲವೇ ತಿಂಗಳಲ್ಲಿ ಹೈದರ್ ಅದನ್ನು ಮರಳಿ ಗೆದ್ದ. ಅಲ್ಲಿಯ ಕ್ರೈಸ್ತರು ಇಂಗ್ಲಿಷರಿಗೆ ನೆರವಾಗಿದ್ದರೆಂಬ ಸುದ್ದಿ ಅವನಿಗೆ ತಲುಪಿತು. ಆಗ ಅವನು ಮಾಡಿದ್ದನ್ನು ಕೆನರಾ ಕ್ರೈಸ್ತರ ಚರಿತ್ರೆ ಬರೆದವರು ದಾಖಲಿಸಿದ್ದಾರೆ. ಪೋರ್ಚುಗೀಸ್ ಕೋಠಿಯ ಮುಖ್ಯಸ್ಥನನ್ನೂ ಕೆಲವು ಗುರುಗಳನ್ನೂ ಕರೆಸಿ, ದೊರೆಗೆ ದ್ರೋಹ ಮಾಡಿದವರಿಗೆ ನಿಮ್ಮಲ್ಲಿ ಏನು ಶಿಕ್ಷೆ ಎಂದು ವಿಚಾರಿಸಿದ. ಅಂಥವರಿಗೆ ಮರಣದಂಡನೆಯೇ ಸರಿ ಎಂಬ ಉತ್ತರ ಬಂತು. ಹೈದರ್ ಅಷ್ಟು ದೂರ ಹೋಗಲಿಲ್ಲ. ತಪ್ಪಿತಸ್ಥರೆಂದು ಕಂಡವರನ್ನು ಸೆರೆಗೆ ಹಾಕಿಸಿದ. ಆಮೇಲೆ ಪೋರ್ಚುಗೀಸರೊಡನೆ ಒಪ್ಪಂದವಾಯಿತು, ಸಮುದಾಯದ ಮೇಲಿದ್ದ ಸಂಶಯವೂ ತಿಳಿಯಾಯಿತು. ಹೈದರನ ಉಳಿದ ಆಳ್ವಿಕೆಯಲ್ಲಿ ಕೆನರಾ ಕ್ರೈಸ್ತರು ನೆಮ್ಮದಿಯಿಂದ ಬಾಳಿದರು.

ಹೈದರ್ ಸಾಧು ಮನುಷ್ಯನೇನೂ ಆಗಿರಲಿಲ್ಲ. ಅವನ ಕ್ರೌರ್ಯದ ಕಥೆಗಳು ಬೇಕಾದಷ್ಟಿವೆ. ಕರಾವಳಿಯ ಅಕ್ಕಿ, ಬಂದರಿನ ಸುಂಕ, ಗೋವೆಯ ಸ್ನೇಹ ಇವೆಲ್ಲ ಅವನಿಗೆ ಬೇಕಾಗಿದ್ದವು. ಲೆಕ್ಕಾಚಾರವೇ ಇರಲಿ, ಅವನು ಎರಡು ಕೆಲಸ ಮಾಡಿದ: ತೀರ್ಪಿಗೆ ಮುಂಚೆ ಇನ್ನೊಬ್ಬರನ್ನು ಕೇಳಿದ, ಯಾರು ತಪ್ಪು ಮಾಡಿದರೆಂದು ನೋಡಿ ಅವರನ್ನಷ್ಟೇ ಹಿಡಿದ.

ಕೊಲೆಗಂಬದ ಬಳಿ ನಿಂತವನು

1782ರ ಡಿಸೆಂಬರ್ 7ರಂದು ಹೈದರ್ ಚಿತ್ತೂರಿನ ಹತ್ತಿರ ಯುದ್ಧದ ಬಿಡಾರದಲ್ಲೇ ತೀರಿಕೊಂಡ. ಟಿಪ್ಪು ಆಗ ಮಲಬಾರಿನ ಕಡೆ ಕಾದಾಡುತ್ತಿದ್ದ. ಅವನು ತಂದೆಯ ಜಾಗದಲ್ಲಿ ಸರಿಯಾಗಿ ಕೂರುವ ಮೊದಲೇ ಜನರಲ್ ಮ್ಯಾಥ್ಯೂಸನ ದಂಡು ಕರಾವಳಿಗೆ ಇಳಿಯಿತು. ಬಿದನೂರಿನ ಅಧಿಪತಿ ಅಯಾಜ್, ಹೈದರನ ಆಶ್ರಯದಲ್ಲಿ ಬೆಳೆದು ದೊಡ್ಡವನಾದವನು, ಊರನ್ನು ಇಂಗ್ಲಿಷರಿಗೆ ಒಪ್ಪಿಸಿಬಿಟ್ಟ. 1783ರ ಮಾರ್ಚಿನಲ್ಲಿ ಮಂಗಳೂರೂ ಹೋಯಿತು. ಹೊಸ ದೊರೆಗೆ ಹೊರಗಿನ ಶತ್ರುವಿಗಿಂತ ಒಳಗಿನವರೇ ದೊಡ್ಡ ಭಯವಾದರು.

ಟಿಪ್ಪು ಬಿದನೂರನ್ನು ಮರಳಿ ಹಿಡಿದು ಮೇ ತಿಂಗಳಲ್ಲಿ ಮಂಗಳೂರಿಗೆ ಮುತ್ತಿಗೆ ಹಾಕಿದ. ಒಳಗೆ ಕರ್ನಲ್ ಕ್ಯಾಂಬೆಲ್‌ನ ದಂಡು ಎಂಟು ತಿಂಗಳು ಹಸಿವು, ರೋಗಗಳ ನಡುವೆ ಹೋರಾಡಿತು. 1784ರ ಜನವರಿ 30ರಂದು ಶರಣಾಯಿತು.

ಈ ಮುತ್ತಿಗೆಯ ಕಾಲದಲ್ಲಿ ಟಿಪ್ಪುವಿನ ಬಿಡಾರದಲ್ಲೇ ಒಂದು ಘಟನೆ ನಡೆಯಿತು. ಇಂಗ್ಲಿಷರೊಡನೆ ಸೇರಿಕೊಂಡನೆಂಬ ಆರೋಪ ಹೊತ್ತ ಅಧಿಕಾರಿಯೊಬ್ಬನಿಗೆ ಟಿಪ್ಪು ಮರಣದಂಡನೆ ವಿಧಿಸಿದ. ಆಗ ಮಹಮ್ಮದ್ ಅಲಿ ಎಂಬ ಸೇನಾನಿ ಎಲ್ಲರೆದುರಿಗೇ ಅಡ್ಡ ಬಂದ. ಅವನು ಹೈದರನ ಕಾಲದಿಂದಲೂ ಹೆಸರು ಮಾಡಿದ್ದ ಹಳೆಯ ಯೋಧ, ಸಿಪಾಯಿಗಳಿಗೆ ಅಚ್ಚುಮೆಚ್ಚು. ಗುಟ್ಟಾಗಿ ಬಿನ್ನಹ ಮಾಡಿಕೊಳ್ಳುವ ದಾರಿಯನ್ನು ಬಿಟ್ಟು, ಶಿಕ್ಷೆಯಾಗುವ ಜಾಗಕ್ಕೇ ಹೋಗಿ ಆ ಮನುಷ್ಯನ ಪರವಾಗಿ ನಿಂತ. ಯುದ್ಧದ ನಡುವೆ, ದಂಡಿನ ಕಣ್ಣೆದುರು, ಸುಲ್ತಾನನ ಆಜ್ಞೆಗೆ ಎದುರು ನಿಲ್ಲುವುದೆಂದರೆ ಏನೆಂದು ಅವನಿಗೆ ಗೊತ್ತಿರಲಿಲ್ಲವೆ? ಟಿಪ್ಪು ಅವನನ್ನೂ ಹಿಡಿಸಿ ಶ್ರೀರಂಗಪಟ್ಟಣಕ್ಕೆ ಕಳುಹಿಸಿದ. ದಾರಿಯಲ್ಲೇ ಅವನು ಸತ್ತ. ಸಾವು ಹೇಗಾಯಿತೆಂಬುದರ ಬಗ್ಗೆ ಅಂದಿನಿಂದ ಬೇರೆಬೇರೆ ಮಾತುಗಳಿವೆ. ಅವನೂ ಇಂಗ್ಲಿಷರ ಕಡೆಯವನೇ ಎಂಬ ಆರೋಪವೂ ಹುಟ್ಟಿತು. ಯುದ್ಧಕಾಲದಲ್ಲಿ ಬೇಡವೆಂದವನಿಗೆ ಸಿಗುವ ಹೆಸರು ಸಾಮಾನ್ಯವಾಗಿ ಅದೇ.

ಮೊದಲ ತೀರ್ಪಿನಲ್ಲಿ ಕ್ರೈಸ್ತ ಗುರುಗಳ ಎದುರಿಗೇ ಮರಣದಂಡನೆಯ ಸಲಹೆ ಬಂದಿತ್ತು. ಈಗ ಜೀವ ಉಳಿಸಲು ತನ್ನ ಜೀವವನ್ನೇ ಒಡ್ಡಿದವನು ಒಬ್ಬ ಮುಸ್ಲಿಂ ಸೇನಾನಿ. ನಮ್ಮವರು, ಅವರು ಎಂದು ಗೆರೆ ಎಳೆದು ಈ ಚರಿತ್ರೆಯನ್ನು ಓದಲು ಹೊರಟರೆ ಇಲ್ಲಿಯೇ ಆ ಗೆರೆ ಅಳಿಸಿಹೋಗುತ್ತದೆ.

ಬೂದಿ ಬುಧವಾರದ ಆಜ್ಞೆ

ಮಂಗಳೂರು ಕೈಗೆ ಬಂದ ಕೆಲವೇ ವಾರಗಳಲ್ಲಿ, 1784ರ ಬೂದಿ ಬುಧವಾರದ ಹೊತ್ತಿಗೆ, ಕೆನರಾದ ಕ್ರೈಸ್ತರನ್ನು ಊರೂರಿನಲ್ಲಿ ಹಿಡಿಯತೊಡಗಿದರು. ಗಂಡಸರು, ಹೆಂಗಸರು, ಮುದುಕರು, ಎದೆಹಾಲು ಕುಡಿಯುವ ಕೂಸುಗಳು, ಯಾರನ್ನೂ ಬಿಡಲಿಲ್ಲ. ಹೊಲಮನೆ ಜಪ್ತಿಯಾದವು. ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರು. ಎಷ್ಟು ಜನರೆಂಬುದರಲ್ಲಿ ಒಮ್ಮತವಿಲ್ಲ: ಟಿಪ್ಪುವಿನ ಕಡೆಯ ಬರಹ 60,000 ಎನ್ನುತ್ತದೆ, ಬೇರೆ ಅಂದಾಜುಗಳು ಅದರ ಅರ್ಧದಷ್ಟು. ಘಟ್ಟದ ದಾರಿಯಲ್ಲಿಯೇ ಹಸಿವು, ಜ್ವರಗಳಿಂದ ಸತ್ತವರು ಬಹಳ. ಅನೇಕ ಯುವಕರನ್ನು ಮತಾಂತರಿಸಿ ದಂಡಿಗೆ ಸೇರಿಸಿಕೊಂಡರು. ಇಪ್ಪತ್ತಕ್ಕೂ ಹೆಚ್ಚು ದೇವಾಲಯಗಳನ್ನು ಕೆಡವಿದರು. ಗುರುಗಳನ್ನು ಗಡೀಪಾರು ಮಾಡಿದರು. ಹೈದರನಿಗೆ ಆಪ್ತರಾಗಿದ್ದ, ಫರಂಗಿಪೇಟೆಯ ಮೊಂತೆ ಮರಿಯಾನೊ ಮಠದ ಫಾದರ್ ಮಿರಾಂಡ ಅವರೂ ಅದರಲ್ಲಿದ್ದರು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆಯೇ ಉಳಿದವರಿಗೆ ಬಿಡುಗಡೆ. ಹದಿನೈದು ವರ್ಷಗಳ ನಂತರ ಊರಿಗೆ ಮರಳಿದವರು ಹೋದವರಲ್ಲಿ ಒಂದು ಪಾಲು ಮಾತ್ರ. ತಪ್ಪಿಸಿಕೊಂಡ ಕೆಲವರಿಗೆ ಕೊಡಗಿನ ದೊಡ್ಡ ವೀರರಾಜೇಂದ್ರ ಆಸರೆ ಕೊಟ್ಟ. ಅವನ ಹೆಸರಿನ ವಿರಾಜಪೇಟೆಯಲ್ಲಿ ಇಂದಿಗೂ ಅವರ ಪೀಳಿಗೆಯವರಿದ್ದಾರೆ.

ಇಂಗ್ಲಿಷರಿಗೆ ಅಕ್ಕಿ, ಹಣ, ಸುದ್ದಿ ಕೊಟ್ಟರೆಂಬುದು ಕ್ರೈಸ್ತರ ಮೇಲಿದ್ದ ಆರೋಪ. ಎಲ್ಲವೂ ಸುಳ್ಳೆಂದು ನಾವು ವಾದಿಸಬೇಕಾಗಿಲ್ಲ, ಕೆಲವರು ಕೊಟ್ಟಿರಬಹುದು. ಆದರೆ ತೊಟ್ಟಿಲ ಕೂಸು ಯಾವ ಸುದ್ದಿ ಕೊಟ್ಟಿತ್ತು? ಕೋಟೆ ಬಿಟ್ಟುಕೊಟ್ಟ ಅಯಾಜನ ಅಪರಾಧಕ್ಕೆ ಅವನ ಜಾತಿಯನ್ನೋ ಧರ್ಮವನ್ನೋ ಯಾರೂ ಹಿಡಿಯಲಿಲ್ಲ. ಕ್ರೈಸ್ತರ ವಿಷಯದಲ್ಲಿ ಮಾತ್ರ ಒಂದಿಷ್ಟು ಜನರ ತಪ್ಪು ಇಡೀ ಕುಲದ ತಪ್ಪಾಯಿತು. ಇದೇ ಟಿಪ್ಪು 1791ರಲ್ಲಿ ಮರಾಠಾ ದಂಡಿನವರು ಶೃಂಗೇರಿ ಮಠವನ್ನು ಸೂರೆಮಾಡಿದಾಗ ನೊಂದು ಪತ್ರ ಬರೆದ, ಜೀರ್ಣೋದ್ಧಾರಕ್ಕೆ ನೆರವು ಕಳುಹಿಸಿದ. ಅವನನ್ನು ರಾಕ್ಷಸ ಎಂದೋ ಸಂತ ಎಂದೋ ಒಂದೇ ಮಾತಿನಲ್ಲಿ ಮುಗಿಸಲಾಗದು. ಹಾಗೆ ಮುಗಿಸಿಬಿಟ್ಟರೆ ನಮಗೆ ಪಾಠವೂ ಸಿಗದು. ಬುದ್ಧಿವಂತನಾದ ದೊರೆಯೂ ಭಯದ ಹೊತ್ತಿನಲ್ಲಿ, ಎದುರಾಡುವವರನ್ನು ಕಳೆದುಕೊಂಡ ಮೇಲೆ, ಎಂಥ ತೀರ್ಪು ಕೊಡಬಲ್ಲ ಎಂಬುದೇ ಆ ಪಾಠ. ಮಹಮ್ಮದ್ ಅಲಿಗೆ ಆದದ್ದನ್ನು ಕಂಡ ದಂಡಿನಲ್ಲಿ, ಈ ಆಜ್ಞೆ ಬೇಡ ಎನ್ನಲು ಯಾರಿಗೆ ನಾಲಿಗೆ ಬಂದೀತು?

ಬಾಗಿಲಲ್ಲಿ ಕುಳಿತ ಅರಸ

ಪವಿತ್ರ ಗ್ರಂಥ ಓದಿದವರಿಗೆ ಇದು ಹೊಸದಲ್ಲ. ಪ್ರವಾದಿ ಯೆರೆಮೀಯನ ಗ್ರಂಥದ 38ನೆಯ ಅಧ್ಯಾಯ ತೆಗೆದು ನೋಡಿ. ಜೆರುಸಲೇಮಿಗೆ ಬಾಬಿಲೋನಿಯದವರ ಮುತ್ತಿಗೆ. ಶರಣಾದವರು ಬದುಕುತ್ತಾರೆ ಎಂದು ಯೆರೆಮೀಯ ಬಹಿರಂಗವಾಗಿ ಸಾರುತ್ತಾನೆ. ಇವನು ಸೈನಿಕರ ಧೈರ್ಯಗೆಡಿಸುತ್ತಿದ್ದಾನೆ, ಇವನು ಸಾಯಬೇಕು ಎಂದು ಅಧಿಕಾರಿಗಳು ಅರಸ ಚಿದ್ಕೀಯನಿಗೆ ದೂರುತ್ತಾರೆ. ಅರಸ ತನ್ನಿಂದ ತಡೆಯಲಾಗದೆಂದು ಕೈಚೆಲ್ಲುತ್ತಾನೆ. ಪ್ರವಾದಿಯನ್ನು ನೀರಿಲ್ಲದ ಕೆಸರಿನ ಬಾವಿಗೆ ಇಳಿಬಿಡುತ್ತಾರೆ.

ಆಗ ಮಾತನಾಡಿದವನು ಅರಮನೆಯಲ್ಲಿ ಕೆಲಸಕ್ಕಿದ್ದ ಎಬೆದ್ಮೆಲೆಕ. ಅವನು ಆ ಊರಿನವನಲ್ಲ, ಆಫ್ರಿಕದ ಕೂಷ್ ದೇಶದವನು. ಅರಸ ಬೆನ್ಯಾಮೀನ್ ಬಾಗಿಲಲ್ಲಿ ಕುಳಿತಿದ್ದಾಗ ಅಲ್ಲಿಗೇ ಹೋಗಿ, ಈ ಜನ ಮಾಡಿದ್ದು ಅನ್ಯಾಯ ಎಂದು ನೇರವಾಗಿ ಹೇಳಿದ. ಚಿದ್ಕೀಯ ಮನಸ್ಸು ಬದಲಿಸಿ ಆಳುಗಳನ್ನು ಕೊಟ್ಟ. ಹಗ್ಗ ಕೊಯ್ದೀತೆಂದು ಪ್ರವಾದಿಯ ಕಂಕುಳಿಗೆ ಹಳೆಯ ಬಟ್ಟೆ ಕೊಟ್ಟು, ಎಬೆದ್ಮೆಲೆಕ ಅವನನ್ನು ಮೇಲಕ್ಕೆ ಎಳೆಸಿದ. ಚಿದ್ಕೀಯ ದುರ್ಬಲ ಅರಸ. ಆದರೂ ಆ ಒಂದು ದಿನ ಅವನ ತೀರ್ಪು ತಿದ್ದಿಕೊಂಡದ್ದು, ಬಾಗಿಲಲ್ಲಿ ಒಬ್ಬನು ಬಾಯಿ ತೆರೆದದ್ದರಿಂದ, ಅರಸ ಅವನ ಬಾಯಿ ಮುಚ್ಚಿಸದೆ ಇದ್ದದ್ದರಿಂದ.

ದೊರೆಗಳು ಹೋದ ಮೇಲೆಯೂ

ರಾಜರ ಕಾಲ ಮುಗಿಯಿತು, ಇನ್ನು ಹೀಗಾಗದು ಎನ್ನುವಂತಿಲ್ಲ. 1942ರಲ್ಲಿ ಜಪಾನಿನ ದಾಳಿಯ ಭಯದಲ್ಲಿ ಅಮೆರಿಕ ತನ್ನ ನೆಲದ ಸುಮಾರು 1,20,000 ಜಪಾನಿ ಮೂಲದವರನ್ನು ಶಿಬಿರಗಳಿಗೆ ತುಂಬಿತು. ಹೆಚ್ಚಿನವರು ಅಲ್ಲಿಯೇ ಹುಟ್ಟಿದ ಪ್ರಜೆಗಳು. 1944ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದಾಗ ವಿರುದ್ಧ ತೀರ್ಪು ಬರೆದ ಮೂವರಲ್ಲಿ ಫ್ರಾಂಕ್ ಮರ್ಫಿ ಎಂಬ ಕಥೋಲಿಕ ನ್ಯಾಯಮೂರ್ತಿ ಒಬ್ಬರು. ಸರ್ಕಾರ ಕ್ಷಮೆ ಕೇಳಲು 1988 ಬರಬೇಕಾಯಿತು. ನಮ್ಮ ದೇಶದಲ್ಲಿ 1962ರ ಚೀನಾ ಆಕ್ರಮಣದ ನಂತರ ಅಸ್ಸಾಂ, ಬಂಗಾಳಗಳಲ್ಲಿ ನೆಲೆಸಿದ್ದ ಸುಮಾರು 3,000 ಚೀನೀ ಮೂಲದವರನ್ನು ರೈಲಿನಲ್ಲಿ ರಾಜಸ್ಥಾನದ ದೇವಲಿ ಶಿಬಿರಕ್ಕೆ ಸಾಗಿಸಲಾಯಿತು. ಮಕ್ಕಳೂ ಮುದುಕರೂ ಅದರಲ್ಲಿದ್ದರು. ಕೆಲವರು ವರ್ಷಗಟ್ಟಲೆ ಅಲ್ಲಿದ್ದರು. ಅವರ ಪರವಾಗಿ ಕೇಳಿಬಂದ ದನಿ ಬಹಳ ಕಡಿಮೆ.

ಯುವಮಿತ್ರರೇ, ಕೆನರಾ ಕ್ರೈಸ್ತರ ಸೆರೆಯ ಕಥೆಯನ್ನು ಇಂದು ಹಲವರು ಹಲವು ಉದ್ದೇಶಕ್ಕೆ ಹೇಳುತ್ತಾರೆ. ಇನ್ನೊಂದು ಧರ್ಮದವರ ಮೇಲೆ ಸಿಟ್ಟು ಬರಿಸಲು ಅದನ್ನು ಬಳಸಿದರೆ, ಒಬ್ಬರ ತಪ್ಪನ್ನು ಎಲ್ಲರ ತಲೆಗೆ ಕಟ್ಟುವ ಅದೇ ಕೆಲಸವನ್ನು ನಾವೂ ಮಾಡಿದಂತೆ. ಬದಲಿಗೆ ಮುಂದಿನ ಯುವಕೂಟದಲ್ಲಿ ಇದನ್ನು ಮಾತನಾಡಿ: ನಮ್ಮ ಊರಿನಲ್ಲಿ, ಕಾಲೇಜಿನಲ್ಲಿ, ವಾಟ್ಸಾಪ್ ಗುಂಪಿನಲ್ಲಿ, ಯಾರನ್ನೋ ಅವರ ಹೆಸರು ನೋಡಿಯೇ ತಪ್ಪಿತಸ್ಥರೆನ್ನುವಾಗ ನಾವು ಏನು ಮಾಡುತ್ತೇವೆ? ಆ ಮನುಷ್ಯ ನಮ್ಮವನಲ್ಲದಿದ್ದರೆ ಆಗಲೂ ಬಾಯಿ ತೆರೆಯುತ್ತೇವೆಯೆ? ನಮ್ಮ ಮನೆಯಲ್ಲಿ, ಸಂಘದಲ್ಲಿ, ನಾವೇ ಹಿರಿಯರಾಗಿರುವ ಕಡೆ, ಬೇಡವೆನ್ನುವ ದನಿಗೆ ಜಾಗವಿದೆಯೆ?

ಮುಂದಿನ ಬೂದಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದ ಮೇಲೆ, ಘಟ್ಟದ ದಾರಿಯಲ್ಲಿ ಸತ್ತವರಿಗಾಗಿ ಮನೆಮಂದಿಯೆಲ್ಲ ಕೂಡಿ ಒಂದು ಪರಲೋಕ ಮಂತ್ರ ಹೇಳಿ. ಇನ್ನೊಬ್ಬನ ಜೀವಕ್ಕಾಗಿ ಸುಲ್ತಾನನಿಗೆ ಎದುರು ನಿಂತ ಮಹಮ್ಮದ್ ಅಲಿಯನ್ನೂ ನೆನೆಯಿರಿ.