ಶಸ್ತ್ರದ ಬಳಿಕದ ವೇದನೆ

ಶಸ್ತ್ರಕ್ರಿಯೆಯ ನೋವು ಒಂದು, ಅದು ಮುಗಿದ ಮೇಲಿನ ನೋವು ಇನ್ನೊಂದು; ಮೊದಲನೆಯದನ್ನು ಜಯಿಸಿದ ವೃತ್ತಾಂತವನ್ನು ವೈದ್ಯಶಾಸ್ತ್ರದ ಚರಿತ್ರಕಾರರು ಸಂಭ್ರಮದಿಂದ ವರ್ಣಿಸುವರು, ಎರಡನೆಯದನ್ನು ಬಹುಮಟ್ಟಿಗೆ ರೋಗಿಯ ಸಹನೆಗೇ ಬಿಟ್ಟುಬಿಡುವರು. ಸುಶ್ರುತನು ಹಾಗೆ ಬಿಡಲಿಲ್ಲವೆಂಬುದು ಸ್ಮರಣೀಯ: ಶಸ್ತ್ರಕ್ಕೆ ಮುನ್ನ ಮದ್ಯಾಭ್ಯಾಸವುಳ್ಳವನಿಗೆ ಮದ್ಯವನ್ನು ಕುಡಿಸಬೇಕೆಂದ ಆತನೇ, ಶಸ್ತ್ರಪಾತದಿಂದ ಹುಟ್ಟಿದ ತೀವ್ರವೇದನೆಗೆ ಜ್ಯೇಷ್ಠಮಧು ಬೆರೆಸಿದ ಉಗುರುಬೆಚ್ಚಗಿನ ತುಪ್ಪವನ್ನು ಎರೆಯಬೇಕೆಂದೂ ವಿಧಿಸಿದ್ದಾನೆ.

1846ರಲ್ಲಿ ಬಾಸ್ಟನ್ನಿನ ಮಾರ್ಟನ್ ಈಥರಿನ ಆವಿಯಿಂದ ರೋಗಿಯನ್ನು ನಿದ್ರೆಗೊಳಿಸಿ ತೋರಿಸಿದನಾದರೂ, ಎಚ್ಚತ್ತವನಿಗೆ ಉಳಿದ ಆಸರೆ ಅಫೀಮು ಮತ್ತು ಅದರಿಂದ ಜರ್ಮನಿಯ ಸೆರ್ಟ್ಯೂರ್ನರ್ ಬೇರ್ಪಡಿಸಿದ್ದ ಮಾರ್ಫಿನ್. ಇಡೀ ಮನುಷ್ಯನನ್ನು ಮಂಕುಗೊಳಿಸದೆ ಕಾಲುಗಳನ್ನು ಮಾತ್ರ ಮರಗಟ್ಟಿಸುವ ಮಾರ್ಗವನ್ನು 1898ರಲ್ಲಿ ಕೀಲ್ ನಗರದ ಆಗಸ್ಟ್ ಬಿಯರ್ ತೆರೆದನು. ಬೆನ್ನುಹುರಿಯನ್ನು ಆವರಿಸಿದ ದ್ರವದೊಳಕ್ಕೆ ಕೊಕೇನನ್ನು ಸೇರಿಸುವ ವಿಧಾನವನ್ನು ಕೆಲವು ರೋಗಿಗಳ ಮೇಲೆ ಪ್ರಯೋಗಿಸಿದ ಆತ, ತನ್ನ ಮೈಮೇಲೆಯೇ ಅದನ್ನು ಪರೀಕ್ಷಿಸಹೊರಟಾಗ ಸೂಜಿಗೆ ಪಿಚಕಾರಿ ಹೊಂದದೆ ಔಷಧವೆಲ್ಲ ಸೋರಿಹೋಗಲು, ಸಹಾಯಕ ಹಿಲ್ಡೆಬ್ರಾಂಟ್ ತನ್ನ ಬೆನ್ನನ್ನೊಡ್ಡಿದನು. ಮೊಣಕಾಲಿನ ಕೆಳಗಣ ಎಲುಬಿಗೆ ಕಬ್ಬಿಣದ ಸುತ್ತಿಗೆಯ ಪೆಟ್ಟು ಬಿದ್ದರೂ, ಕಾಲಿಗೆ ಹೊತ್ತಿದ ಚುಟ್ಟ ತಾಗಿದರೂ ಆತನಿಗೆ ನೋವಾಗಲಿಲ್ಲ. ಆ ಸಂಜೆ ಇಬ್ಬರೂ ದ್ರಾಕ್ಷಾಮದ್ಯದೊಡನೆ ಉಂಡು ಸಂತೋಷಪಟ್ಟರು. ಆದರೆ ಬಿಯರನಿಗೆ ಮುಂದೆ ಒಂಬತ್ತು ದಿನ ತಲೆನೋವು, ಹಿಲ್ಡೆಬ್ರಾಂಟನಿಗೆ ವಾಂತಿ, ತಲೆನೋವು ಮತ್ತು ಕಾಲ್ತುಂಬ ಕಂದಿದ ಗಾಯಗಳು. ಕೀರ್ತಿಯೆಲ್ಲ ಗುರುವಿಗೆ ಸಂದಿತು. ನನ್ನ ಗೌರವದ ಹೆಚ್ಚಿನ ಪಾಲು ಶಿಷ್ಯನಿಗೆ.

1974ರಲ್ಲಿ ನ್ಯೂಯಾರ್ಕಿನ ಇನ್ಸಾಲ್ ಮತ್ತು ಸಂಗಡಿಗರು ಲೋಹ ಹಾಗೂ ಪಾಲಿಥಿಲೀನಿನ ಕೃತಕ ಮಂಡಿಯನ್ನು ಬಳಕೆಗೆ ತಂದಮೇಲೆ ಶಸ್ತ್ರದ ಬಳಿಕದ ನೋವಿನ ಪ್ರಶ್ನೆ ಹೊಸ ರೂಪ ತಾಳಿತು. ಇತರ ಗಾಯಗಳಿಗೆ ವಿಶ್ರಾಂತಿಯೇ ಔಷಧ. ಹೊಸ ಮಂಡಿಯಾದರೋ ಗಾಯ ಹಸಿಯಾಗಿರುವಾಗಲೇ ಮಡಚಿ ಚಾಚಲ್ಪಡದಿದ್ದರೆ ಬಿಗಿದುಕೊಳ್ಳುವುದು. ಆದುದರಿಂದ ಇಲ್ಲಿ ವೇದನಾಶಮನವು ರೋಗಿಯ ಸುಖಕ್ಕಷ್ಟೇ ಅಲ್ಲ, ಚಿಕಿತ್ಸೆಯ ಸಫಲತೆಗೂ ಅಗತ್ಯ. ತೊಡೆಸಂದಿನ ಬಳಿಯ ನರವನ್ನು ಮರಗಟ್ಟಿಸಿದರೆ ನೋವೇನೋ ತಗ್ಗುವುದು; ಆದರೆ ಮಂಡಿಯನ್ನು ನೆಟ್ಟಗೆ ನಿಲ್ಲಿಸುವ ತೊಡೆಯ ಸ್ನಾಯುವೂ ಸೋತು, ನಡೆಯಲೆಂದು ಎದ್ದವನು ಬೀಳುವ ಅಪಾಯ. ಸಿಡ್ನಿಯ ಕೆರ್ ಮತ್ತು ಕೊಹಾನ್ 2008ರಲ್ಲಿ ಪ್ರಕಟಿಸಿದ ಕ್ರಮ ಈ ತೊಡಕನ್ನು ತಪ್ಪಿಸಿತು: ಗಾಯಕ್ಕೆ ಹೊಲಿಗೆ ಹಾಕುವ ಮುನ್ನವೇ ಕೀಲಿನ ಸುತ್ತಣ ಅಂಗಾಂಶಗಳಿಗೆ ರೋಪಿವಕೇನ್, ಕೀಟೊರೊಲ್ಯಾಕ್, ಅಡ್ರಿನಲಿನ್‌ಗಳ ಮಿಶ್ರಣವನ್ನು ಚುಚ್ಚಿ ತುಂಬುವುದು. ಇದರಿಂದ ರೋಗಿಗಳು ಕೆಲವೇ ಗಂಟೆಗಳಲ್ಲಿ ಎದ್ದು ಹೆಜ್ಜೆಯಿಡುವುದು ಸಾಧ್ಯವಾಯಿತು. ಆ ಮಿಶ್ರಣದ ಬಲ ಒಂದೆರಡು ದಿನಗಳಲ್ಲಿ ಇಳಿದುಹೋಗುತ್ತದೆ. ಮುಂದಿನ ವಾರಗಳನ್ನು ಪ್ಯಾರಸಿಟಮಾಲ್ ಗುಳಿಗೆ, ಮಂಜುಗಡ್ಡೆಯ ಚೀಲ, ಮತ್ತು ಇನ್ನಷ್ಟು ಮಡಚಿರೆಂದು ಬಿಡದೆ ಒತ್ತಾಯಿಸುವ ಫಿಸಿಯೋಥೆರಪಿಯವರೊಡನೆ ಕಳೆಯಬೇಕು.