ದವಡೆಯ ಚಲನೆಯನ್ನು ಅನುಕರಿಸುವ ಯಂತ್ರಗಳು: ಒಂದು ಚಾರಿತ್ರಿಕ ಅವಲೋಕನ

ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ಮಾರ್ಗದಲ್ಲಿರುವ ಮಿಡಿಗೇಶಿಯು ತನ್ನ ಗಿರಿದುರ್ಗದಿಂದ ಚರಿತ್ರೆಯ ವಿದ್ಯಾರ್ಥಿಗಳಿಗೆ ಪರಿಚಿತವಾಗಿದೆ. ಆದರೆ ಕೋಟೆಕೊತ್ತಲಗಳಷ್ಟೇ ಚರಿತ್ರೆಯ ವಸ್ತುವಲ್ಲ. ಜನರ ಅಭ್ಯಾಸಗಳೂ, ಅವುಗಳಿಂದ ಹುಟ್ಟುವ ವ್ಯಾಧಿಗಳೂ, ಆ ವ್ಯಾಧಿಗಳಿಗಾಗಿ ರಚಿತವಾದ ಉಪಕರಣಗಳೂ ಅದರ ವ್ಯಾಪ್ತಿಗೆ ಸೇರಿದುವೇ ಆಗಿವೆ.

ಈ ಸೀಮೆಯಲ್ಲಿ ಶುಭಕಾರ್ಯವಾಗಲಿ ಅತಿಥಿಸತ್ಕಾರವಾಗಲಿ ತಾಂಬೂಲವಿಲ್ಲದೆ ಪೂರ್ಣವಾಗದು. ಅಡಿಕೆಯನ್ನು ಬಹುಕಾಲ ಜಗಿಯುವವರಲ್ಲಿ ಕೆಲವರಿಗೆ ಕೆನ್ನೆಯ ಒಳಪದರವು ನಾರುಗಟ್ಟಿ ಬಿಗಿಯುವುದುಂಟು. 1952ರಲ್ಲಿ ಶ್ವಾರ್ಟ್ಸ್ ಎಂಬ ವಿದ್ವಾಂಸರು ಪೂರ್ವ ಆಫ್ರಿಕದ ಭಾರತೀಯ ಸ್ತ್ರೀಯರಲ್ಲಿ ಕಂಡ ಈ ರೋಗವನ್ನು ವಿವರಿಸಿದರು. ಮರುವರ್ಷ ಮುಂಬಯಿಯ ಜೋಶಿಯವರು ಇದನ್ನು ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂದು ಕರೆದರು. ಆರೋಗ್ಯವಂತನ ಬಾಯಿ ಸಾಮಾನ್ಯವಾಗಿ ತನ್ನದೇ ಮೂರು ಬೆರಳುಗಳ ಅಗಲದಷ್ಟು ತೆರೆಯುತ್ತದೆ. ರೋಗವು ಬಲಿತವನಿಗೆ ಮುದ್ದೆಯ ತುತ್ತನ್ನು ಬಾಯಿಗಿಡುವುದೂ ಕಷ್ಟವಾಗುತ್ತದೆ.

ದವಡೆಯನ್ನು ಯಂತ್ರದಿಂದ ಅನುಕರಿಸುವ ಯತ್ನ ಇದಕ್ಕಿಂತ ಹಳೆಯದು. ಅದು ಕೃತಕ ದಂತಗಳ ಅಗತ್ಯದಿಂದ ಹುಟ್ಟಿತು. 1805ರಲ್ಲಿ ಫ್ರಾನ್ಸಿನ ಗಾರಿಯೋ ಪ್ಲಾಸ್ಟರಿನ ಆರ್ಟಿಕ್ಯುಲೇಟರನ್ನು ವರ್ಣಿಸಿದನು. ಅಮೆರಿಕದ ಬಾನ್‌ವಿಲ್ 1858ರಲ್ಲಿ, ಕೆಳದವಡೆಯ ಎರಡು ಕೀಲುಗಳೂ ಮುಂದಿನ ಹಲ್ಲುಗಳ ಮಧ್ಯಬಿಂದುವೂ ನಾಲ್ಕು ಅಂಗುಲ ಭುಜದ ಸಮಬಾಹು ತ್ರಿಕೋನವಾಗುವುವೆಂಬ ತತ್ತ್ವದ ಮೇಲೆ ತನ್ನ ಯಂತ್ರವನ್ನು ನಿರ್ಮಿಸಿದನು. ಆದರೆ ದವಡೆ ಬಾಗಿಲಿನ ತಿರುಗಣೆಯಂತಲ್ಲ: ಮೊದಲು ತಿರುಗಿ, ಬಳಿಕ ಕೀಲಿನ ಗುಂಡು ಮುಂದಕ್ಕೆ ಜಾರುತ್ತದೆ. ಈ ಚಲನೆಯ ಎಲ್ಲೆಗಳನ್ನು 1952ರಲ್ಲಿ ಸ್ವೀಡನ್ನಿನ ಪೊಸೆಲ್ಟ್ ರೇಖೆಗಳಲ್ಲಿ ನಿರೂಪಿಸಿದನು.

ಮುಂದಿನ ಹೆಜ್ಜೆಯನ್ನಿಟ್ಟುದು ಜಪಾನಿನ ವಾಸೆಡ ವಿಶ್ವವಿದ್ಯಾನಿಲಯ. ಅಲ್ಲಿನ ತಾಕಾನಿಶಿ, ತಾಕಾನೊಬು ಮೊದಲಾದವರು ಜಗಿಯುವ ಯಂತ್ರಮಾನವನನ್ನೂ, ಅನಂತರ 1990ರ ದಶಕದಲ್ಲಿ ಬಾಯಿ ತೆರೆಯುವ ಅಭ್ಯಾಸ ಮಾಡಿಸುವ ಯಂತ್ರವನ್ನೂ ರಚಿಸಿದರು. ವೈದ್ಯನು ಒಂದು ಹಿಡಿಯನ್ನು ಚಲಿಸಿದರೆ ರೋಗಿಯ ಹಲ್ಲುಗಳ ನಡುವಣ ಭಾಗವು ಅದನ್ನು ಅನುಸರಿಸುತ್ತಿತ್ತು. ಇತ್ತ ನ್ಯೂಜೀಲೆಂಡಿನ ಮ್ಯಾಸಿ ವಿಶ್ವವಿದ್ಯಾನಿಲಯದಲ್ಲಿ ಆಹಾರದ ಮೃದುತ್ವ ಕಾಠಿಣ್ಯಗಳನ್ನು ಪರೀಕ್ಷಿಸಲು ಜಗಿಯುವ ಯಂತ್ರವು ರೂಪುಗೊಂಡಿತು.

ನಮ್ಮ ದೇಶದ ಚಿಕಿತ್ಸಾಲಯಗಳಲ್ಲಿ ಇದೇ ಅಭ್ಯಾಸವನ್ನು ತೆಳುವಾದ ಮರದ ಪಟ್ಟಿಗಳಿಂದ ಮಾಡಿಸುವ ಪದ್ಧತಿಯುಂಟು. ಪಟ್ಟಿಗಳನ್ನು ಹಲ್ಲುಗಳ ನಡುವೆ ಒಟ್ಟಾಗಿರಿಸಿ, ದಿನಗಳೆದಂತೆ ಒಂದೊಂದನ್ನೇ ಹೆಚ್ಚಿಸುತ್ತಾರೆ. ಯಂತ್ರದ ಹೆಚ್ಚುಗಾರಿಕೆ ಬಲವನ್ನೂ ದಿಕ್ಕನ್ನೂ ಅಳೆದು ನಿಯಂತ್ರಿಸುವುದರಲ್ಲಿದೆ. ಎರಡರ ತತ್ತ್ವವೂ ಒಂದೇ. ಎರಡಕ್ಕೂ ಮಿತಿಯೂ ಒಂದೇ: ಬಿಗಿದುದನ್ನು ಹಿಗ್ಗಿಸಬಲ್ಲುವೇ ಹೊರತು, ಬಿಗಿಸುವ ಕಾರಣವನ್ನು ನೀಗಲಾರವು.

ಆ ಕಾರಣವು ಅಡಿಕೆಯಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ವಿಭಾಗವು 2004ರಲ್ಲಿ ಅಡಿಕೆಯನ್ನು ಅರ್ಬುದಕಾರಕವೆಂದು ಪ್ರಕಟಿಸಿತು. ಕರ್ನಾಟಕ ಸರ್ಕಾರವು 2013ರಲ್ಲಿ ಗುಟ್ಕಾವನ್ನು ನಿಷೇಧಿಸಿತು. ಆದರೆ ಅಡಿಕೆಯೇ ತುಮಕೂರು ಜಿಲ್ಲೆಯ ಅನೇಕ ಕುಟುಂಬಗಳ ಜೀವನಾಧಾರವೂ ಹೌದು. ತೋಟಗಾರನ ಜೀವನವನ್ನೂ ಜಗಿಯುವವನ ಬಾಯನ್ನೂ ಒಟ್ಟಿಗೆ ರಕ್ಷಿಸುವ ಈ ಸಮಸ್ಯೆಗೆ ಯಾವ ಯಂತ್ರಮಾನವನೂ ಉತ್ತರ ಹೇಳಲಾರನು. ಅದನ್ನು ಸಮಾಜವೇ ಹುಡುಕಬೇಕೆಂಬುದು ನಮ್ಮ ಅಭಿಪ್ರಾಯ.